ಕೊನೆಯವನು ಬರುವವರೆಗೆ

ಭಾವ ಪ್ಲಾನ್ ಬದಲಿಸುವ ಮುನ್ನ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಸದ್ದು ಕೇಳಿದರೆ ಸಾಕು, ಇನ್ನು ಯಾವ ದಾರಿಗೆ ತಿರುಗಿಸುತ್ತಾರೋ ಎಂದು ಬಾಲ ಅವರ ಬಾಯನ್ನೇ ನೋಡುತ್ತಿದ್ದ. ಅವತ್ತು ಊರಿನ ಕೊನೆಯ ಸಿಗ್ನಲ್ ದಾಟಿ ನಾಲ್ಕೂ ಬೈಕುಗಳ ಇಂಜಿನ್‌ಗಳು ಇನ್ನೂ ನೆಟ್ಟಗೆ ಬಿಸಿಯಾಗಿರಲಿಲ್ಲ, ಪೆಟ್ರೋಲ್ ಬಂಕಿನ ಸೂರಿನಡಿ ನಿಂತು ಭಾವ ಗಂಟಲು ಸರಿಮಾಡಿಕೊಂಡೇಬಿಟ್ಟರು.

“ಮೋಡ ನೋಡಿದ್ರಾ? ಅಣೆಕಟ್ಟಿನ ದಾರಿ ಬೇಡ. ಬೆಟ್ಟ ಹತ್ತಿ ಆ ಕಡೆಯಿಂದ ಇಳಿಯೋಣ. ಸ್ವಲ್ಪ ಸುತ್ತು, ಆದ್ರೆ ನೋಡೋಕೆ ಚೆನ್ನಾಗಿರುತ್ತೆ.”

ಮೋಡವೆಲ್ಲ ಇದ್ದದ್ದು ಬೆಟ್ಟದ ಮೇಲೆಯೇ. ಅಣೆಕಟ್ಟಿನ ಕಡೆ ಆಕಾಶ ಒರೆಸಿಟ್ಟ ಹಾಗಿತ್ತು. ಕಣ್ಣಿದ್ದವರಿಗೆಲ್ಲ ಅದು ಕಾಣುತ್ತಿತ್ತು. ಆದರೆ ಹಲ್ಲಿನ ಡಾಕ್ಟರು ಕೈಗವಸು ಎಳೆದುಕೊಳ್ಳುತ್ತ, “ಕ್ಯಾಪ್ಟನ್ ಹೇಳಿದ್ಮೇಲೆ ಮುಗೀತು” ಎಂದರು. ಗುಂಪಿನ ಇನ್ನೊಬ್ಬ, ಫೋಟೋ ಸ್ಟುಡಿಯೋದವನು, ಆಗಲೇ ಬೆಟ್ಟವನ್ನು ಹಿಂದೆ ಇಟ್ಟುಕೊಂಡು ಭಾವನ ಫೋಟೋ ತೆಗೆಯುವುದರಲ್ಲಿದ್ದ.

“ಗಡ್ಡ ಅಣೆಕಟ್ಟಿನ ತಿರುವಿನಲ್ಲಿ ಕಾಯ್ತಿರ್ತಾನೆ ಭಾವ. ಮಧ್ಯಾಹ್ನಕ್ಕೆ ಬರ್ತೀವಿ ಅಂದಿದ್ದೀವಿ,” ಎಂದ ಬಾಲ.

“ಫೋನ್ ಯಾಕಿದೆ ಮತ್ತೆ? ನಾನು ಹೇಳ್ತೀನಿ ಅವನಿಗೆ. ನೀನು ಸುಮ್ನೆ ಬಾಲ ಬಿಚ್ಚಬೇಡ.”

ಎಲ್ಲರೂ ನಕ್ಕರು. ಎಷ್ಟೋ ವರ್ಷಗಳಿಂದ ಅವರು ಇದೇ ಜೋಕಿಗೆ ನಗುತ್ತ ಬಂದಿದ್ದರು. ಗುಂಪಿನಲ್ಲಿ ಎಲ್ಲರ ಹಿಂದೆ ಗಾಡಿ ಓಡಿಸುವವನು ಅವನಾದ್ದರಿಂದ ಅವನಿಗೆ ಬಾಲ ಎಂಬ ಹೆಸರು ಅಂಟಿಕೊಂಡಿತ್ತು. ಕೊನೆಯವನು ಯಾರನ್ನೂ ಹಿಂದಿಕ್ಕುವಂತಿಲ್ಲ. ಯಾರ ಗಾಡಿ ಕೆಟ್ಟರೂ ಅವನು ನಿಲ್ಲಬೇಕು, ಯಾರ ಚೀಲ ಬಿದ್ದರೂ ಅವನೇ ಎತ್ತಿಕೊಂಡು ಬರಬೇಕು. ಮುಂದಿನವರ ಹೊಗೆ, ಕೆಸರು, ಬೇಜವಾಬ್ದಾರಿ ಎಲ್ಲ ಅವನ ಪಾಲು.

ಈ ನಿಯಮ ಮಾಡಿದವನು ಗಡ್ಡ; ಬಿಟ್ಟ ಗಡ್ಡದಿಂದಲೇ ಅವನಿಗೂ ಆ ಹೆಸರು ಬಂದಿತ್ತು. ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್ ಅವನು. ಕೆಲಸದಲ್ಲಿ ಹೇಗೋ ಓಡಾಟದಲ್ಲೂ ಹಾಗೇ, ಒಂದು ಕೀಲು ಸಡಿಲವಿದ್ದರೂ ಸಹಿಸುತ್ತಿರಲಿಲ್ಲ. ಎಲ್ಲಿ ದಾರಿ ಕವಲೊಡೆಯುತ್ತದೋ ಅಲ್ಲಿ ಒಬ್ಬ ಗಾಡಿ ನಿಲ್ಲಿಸಿ ಕೈ ತೋರಿಸುತ್ತ ನಿಲ್ಲಬೇಕು. ಗುಂಪಿನ ಕೊನೆಯವನು ಬರುವವರೆಗೆ ಅವನು ಅಲ್ಲಿಂದ ಕದಲುವಂತಿಲ್ಲ. ಕೊನೆಯವನು ಬಂದ ಅಂದರೆ ಎಲ್ಲರೂ ಬಂದರು ಅಂತ ಅರ್ಥ, ಆಮೇಲೆ ಅವನೂ ಹೊರಡಬಹುದು. ಇಷ್ಟೇ ನಿಯಮ. ಫೋನು ಸಿಗದ ಕಡೆಯಲ್ಲೂ ಇದರಿಂದ ಒಬ್ಬರೂ ದಾರಿ ತಪ್ಪಿರಲಿಲ್ಲ.

ಎರಡು ವರ್ಷದ ಕೆಳಗೆ ಇಂಥದೇ ಒಂದು ಮಳೆಯಲ್ಲಿ, ಕಾಡಿನ ದಾರಿ ಕವಲೊಡೆಯುವ ಕಡೆ ಗಡ್ಡ ನಿಂತಿದ್ದ. ಮುಂದೆ ಹೋದ ಭಾವನಿಗೆ ದಾರಿ ಹಿಡಿಸಲಿಲ್ಲ. ಗಂಟಲು ಸರಿಮಾಡಿಕೊಂಡರು, ಜೊತೆಗಿದ್ದ ಡಾಕ್ಟರನ್ನೂ ಸ್ಟುಡಿಯೋದವನನ್ನೂ ಕರೆದುಕೊಂಡು ಬೇರೆ ದಾರಿಯಲ್ಲಿ ಹೆದ್ದಾರಿಗೆ ಬಿದ್ದರು. ಹಿಂದೆ ಎಲ್ಲೋ ಪಂಕ್ಚರ್ ಹಾಕಿಸುತ್ತ ಕೂತಿದ್ದ ಬಾಲನಿಗೆ ಅವರಿಂದ ಫೋನು ಬಂತು. “ಎಲ್ಲರಿಗೂ ಹೇಳಾಗಿದೆ, ನೀನು ನೇರ ಹೆದ್ದಾರಿಗೆ ಬಾ.” ಬಾಲ ಹೆದ್ದಾರಿಗೆ ಹೋದ. ಗಡ್ಡ ಮಾತ್ರ ಬಾಲ ಬರಲಿ ಅಂತ ತಿರುವಿನಲ್ಲಿ ಕಾಯುತ್ತಲೇ ಇದ್ದ. ಜಾರಿ ಬಂದ ಇಟ್ಟಿಗೆ ಲಾರಿಯೊಂದು ಅವನನ್ನೂ ಗಾಡಿಯನ್ನೂ ಚರಂಡಿಗೆ ತಳ್ಳಿತು. ಎಡಗಾಲು ಉಳಿಯಿತು, ಆದರೆ ಉಳಿದದ್ದು ಲೆಕ್ಕಕ್ಕೆ ಮಾತ್ರ.

“ಹೇಳಿದ್ದೆ ಕಣೋ, ಮಳೆ ಸದ್ದಿಗೆ ಅವನಿಗೇ ಸರಿಯಾಗಿ ಕೇಳಿಸಿಲ್ಲ,” ಎಂದಿದ್ದರು ಭಾವ ಆಸ್ಪತ್ರೆಯ ಹೊರಗೆ, ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತ.

ಬಾಲ ಅದನ್ನು ನಂಬಿದ್ದ. ನಂಬದೆ ಇದ್ದಿದ್ದರೆ ಏನು ಮಾಡಬೇಕಾಗುತ್ತಿತ್ತು ಎಂಬುದನ್ನು ಯೋಚಿಸಲು ಹೋಗಿರಲಿಲ್ಲ. ಭಾವ ಅಂದರೆ ಒಡಹುಟ್ಟಿದ ಅಕ್ಕನ ಗಂಡ. ಬಾಲನ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ ಇರುವುದು ಭಾವನದೇ ಕಟ್ಟಡದಲ್ಲಿ, ಅವರ ಸೋಫಾ ಶೋರೂಮಿನ ಕೆಳಗೆ. “ನಿಮ್ಮ ಭಾವನ ಸ್ವಭಾವ ಗೊತ್ತಲ್ಲ, ಸ್ವಲ್ಪ ಹೊಂದಿಕೊಂಡು ಹೋಗು ಮರಿ,” ಎಂದು ಅಕ್ಕ ಹೇಳುತ್ತಲೇ ಇರುತ್ತಿದ್ದಳು. ಅಕ್ಕ ಹೊಂದಿಕೊಂಡು ಹೋಗಿ ಹೋಗಿ ಅವಳ ದನಿಯೇ ತಗ್ಗಿಹೋಗಿತ್ತು.

ಈಗ ಗಡ್ಡ ಒಂದು ಕೆಲಸ ಮಾಡಿದ್ದ. ತನ್ನ ಹಳೆಯ ಗಾಡಿಯ ಹಿಂದೆ ಎರಡು ಪುಟ್ಟ ಚಕ್ರ ಬೆಸೆದು, ಗೇರನ್ನು ಕೈಯಲ್ಲಿ ಹಾಕುವ ಹಾಗೆ ಕಬ್ಬಿಣದ ಸರಳೊಂದನ್ನು ಜೋಡಿಸಿ, ಮತ್ತೆ ಗಾಡಿ ಹತ್ತಿದ್ದ. ಅವನಾಗಿಯೇ ಫೋನು ಮಾಡಿ ಬಾಲನಿಗೆ ಹೇಳಿದ್ದ. “ಅಣೆಕಟ್ಟಿನ ತಿರುವಿನಲ್ಲಿ ನಿಂತಿರ್ತೀನಿ. ನೀವೆಲ್ಲ ಬನ್ನಿ. ಅಲ್ಲಿಂದ ಅಣೆಕಟ್ಟಿನ ಮೇಲಿನವರೆಗೆ ನಾನು ಮುಂದೆ, ನೀವು ಹಿಂದೆ. ಒಂದೇ ಒಂದು ಸಲ. ಆಮೇಲೆ ನಮ್ಮನೇಲಿ ಊಟ.” ಆ ಒಂದು ಸಲಕ್ಕಾಗಿ ಬಾಲ ವಾರವಿಡೀ ಕಾದಿದ್ದ. ಇದೊಂದು ಸರಿಯಾಗಿ ನಡೆದುಬಿಟ್ಟರೆ ಆ ಮಳೆಯ ದಿನ ಎದೆಯಿಂದ ಇಳಿದೀತು ಎಂಬ ಆಸೆ ಅವನಿಗೆ.

ಬೆಟ್ಟದ ಮಳೆ ಮೊದಲ ತಿರುವಿಗೇ ಹಿಡಿಯಿತು. ಅದು ಮಳೆಯೂ ಅಲ್ಲ, ಯಾರೋ ಮೇಲಿನಿಂದ ಮುಸುರೆ ನೀರು ಚೆಲ್ಲುತ್ತಿದ್ದ ಹಾಗಿತ್ತು. ರಸ್ತೆಯ ಮಣ್ಣು, ಯಾರೋ ಬಿಸಾಕಿ ಹೋದ ಚಿಪ್ಸ್ ಕವರು, ಸತ್ತ ಹೆಗ್ಗಣ ಎಲ್ಲವೂ ನೀರಿನ ಜೊತೆ ಇಳಿದು ಬರುತ್ತಿದ್ದವು. ಮುಂದಿನ ಮೂರು ಗಾಡಿಗಳ ಕೆಸರು ಬಾಲನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಬೂಟಿನೊಳಗೆ ನೀರು ಹೊಕ್ಕು, ಗೇರು ಹಾಕಿದಾಗಲೆಲ್ಲ ಬೆರಳುಗಳ ನಡುವೆ ಪಿಚಕ್ ಎನ್ನುತ್ತಿತ್ತು. ಜಾರುವ ಭಯಕ್ಕೆ ವೇಗ ಇಳಿಸಿದ್ದ ಭಾವ ಹಿಂದೆ ಬಿದ್ದು, ಈಗ ಎದುರಿಗೇ ಅವರ ಬೆನ್ನು. ಆ ಬೆನ್ನನ್ನು ನೋಡಿದಷ್ಟೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೆನ್ನಿನ ಮೇಲಿನ ಅಕ್ಷರ ಅವನೇ ಅಚ್ಚು ಹಾಕಿದ್ದು. ಈ ಸಲದ ಓಡಾಟಕ್ಕೆ ಎಲ್ಲರಿಗೂ ಒಂದೇ ಥರದ ಶರ್ಟು ಬೇಕೆಂದು ಭಾವ ಹಟ ಹಿಡಿದಿದ್ದರು. ಬರಹವನ್ನು ಮೂರು ಸಲ ಬದಲಿಸಿ, ಕೊನೆಗೆ “ಒಬ್ಬರನ್ನೂ ಹಿಂದೆ ಬಿಡೆವು” ಎಂಬಲ್ಲಿಗೆ ಬಂದು ನಿಂತಿದ್ದರು. ಹೊರಡುವ ಹಿಂದಿನ ಸಂಜೆಯಷ್ಟೇ ಅದು ತೀರ್ಮಾನವಾದದ್ದು. ಅಚ್ಚು ಹಾಕಿದ ಇಂಕು ಬಟ್ಟೆಯೊಳಗೆ ಕೂರಬೇಕಾದರೆ ಪ್ರೆಸ್ಸಿನ ಬಿಸಿಯಲ್ಲಿ ತಾಳ್ಮೆಯಿಂದ ಇಡಬೇಕು. “ಸಾಕು ಬಿಡೋ, ಒಣಗಿದೆಯಲ್ಲ” ಎಂದು ಭಾವ ಅರ್ಧಕ್ಕೇ ಕಿತ್ತುಕೊಂಡು ಹೋದರು. ಗಡ್ಡನಿಗೆಂದು ಮಾಡಿದ ಒಂದು ಶರ್ಟನ್ನು ಮಾತ್ರ ಬಾಲ ಆಮೇಲೆ ಕೂತು ಸರಿಯಾಗಿ ಬಿಸಿ ಕೊಟ್ಟು ಮುಗಿಸಿದ್ದ. ಅದು ಅವನ ಚೀಲದಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗಿತ್ತು. ಇಲ್ಲಿ ಭಾವನ ಬೆನ್ನಿನ ಅಕ್ಷರಗಳಿಂದ ಕೆಂಪು ಬಣ್ಣ ಕರಗಿ ಸೊಂಟದ ಮಡಿಕೆಗಳಿಗೆ ಇಳಿಯುತ್ತಿತ್ತು.

ಬೆಟ್ಟದ ನಡುವೆ ಒಂದು ಲಾಡ್ಜು ಕಂಡಿತು. ಭಾವ ಕೈ ಎತ್ತಿ ಗಾಡಿ ನಿಲ್ಲಿಸಿದರು. ಹೆಲ್ಮೆಟ್ ತೆಗೆಯುವ ಮೊದಲೇ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

“ಇವತ್ತು ಇಲ್ಲೇ ಉಳಿಯೋದು ಒಳ್ಳೇದು. ಬಿಸಿನೀರು ಇದೆಯಂತೆ.”

“ಭಾವ, ಗಡ್ಡ…”

“ಹೇಳ್ತೀನಿ ಅಂದಿದ್ನಲ್ಲ. ರಸ್ತೆ ಕುಸಿದಿದೆ, ಬರೋಕಾಗಲ್ಲ, ಇನ್ನೊಂದು ಸಲ ನೋಡೋಣ ಅಂತ ಹೇಳಾಗಿದೆ. ಅವನೂ ಸರಿ ಅಂದ.”

ರಸ್ತೆ ಎಲ್ಲೂ ಕುಸಿದಿರಲಿಲ್ಲ. ಸುಳ್ಳನ್ನು ಹೇಳುವಾಗ ಭಾವನ ಮುಖ ಎಷ್ಟು ಸಲೀಸಾಗಿತ್ತೆಂದರೆ, ಗಿರಾಕಿಗೆ ಸೋಫಾದ ಮರ ಯಾವುದೆಂದು ಹೇಳುವಾಗಲೂ ಅದು ಹೀಗೇ ಇರುತ್ತದೆ ಎಂದು ಬಾಲನಿಗೆ ಹೊಳೆಯಿತು.

ಕೋಣೆ ನಾಲ್ವರಿಗೂ ಸೇರಿ ಒಂದೇ. ಬಾಗಿಲು ತೆರೆದ ಕೂಡಲೇ ಹಳೆಯ ಸಿಗರೇಟು, ಫಿನಾಯಿಲು, ಒದ್ದೆ ಹಾಸಿಗೆ ಮೂರೂ ಸೇರಿದ ವಾಸನೆ ಮೂಗಿಗೆ ಅಡರಿತು. ಹಾಸಿಗೆಯ ಮೇಲೆ ಹಿಂದಿನವರು ಯಾರೋ ಬಿಟ್ಟು ಹೋದ ಉದ್ದ ಕೂದಲೊಂದು ಸುರುಳಿ ಸುತ್ತಿ ಬಿದ್ದಿತ್ತು. ಬಾತ್‌ರೂಮಿನ ಬಕೆಟ್ಟಿನ ಒಳಗೋಡೆಗೆ ಹಸಿರು ಪಾಚಿ. ಬಿಸಿನೀರಿನ ಮೊದಲ ಬಕೆಟ್ಟು ಭಾವನಿಗೆ ಹೋಯಿತು, ಎರಡನೆಯದೂ ಅವರಿಗೇ. ಉಳಿದವರಿಗೆ ನಲ್ಲಿ ಕೆಮ್ಮಿ ಕೆಮ್ಮಿ ತುಕ್ಕಿನ ಬಣ್ಣದ ತಣ್ಣೀರು ಉಗುಳಿತು.

ಬನಿಯನ್ನಿನಲ್ಲಿ ಹೊರಬಂದ ಭಾವ ತಮ್ಮ ಒದ್ದೆ ಚಡ್ಡಿಯನ್ನು ಟೇಬಲ್ ಲ್ಯಾಂಪಿನ ಮೇಲೆ ಹರವಿದರು. ಅದರಿಂದ ಸಣ್ಣಗೆ ಹಬೆ ಏಳತೊಡಗಿತು. ಆ ಹಬೆಯ ಪಕ್ಕದಲ್ಲೇ ಬ್ರೆಡ್ಡು, ಮೊಟ್ಟೆಯ ತಟ್ಟೆ ಇಟ್ಟುಕೊಂಡು ನಾಲ್ವರೂ ಕೂತರು. ಇಡೀ ದಿನ ಬೇರೆಯವರ ಬಾಯೊಳಗೆ ಕೈಹಾಕುವ ಡಾಕ್ಟರು ಒಂದು ತುಂಡು ಬ್ರೆಡ್ಡನ್ನು ಟಿಶ್ಯೂ ಕಾಗದದಲ್ಲಿ ಹಿಡಿದು ತಿನ್ನುತ್ತಿದ್ದರು. ಲ್ಯಾಂಪಿನ ಕಡೆ ನೋಡಿದರೂ ನೋಡದವರ ಹಾಗಿದ್ದರು. ಹೇಳಬೇಕಾದವರು ಹೇಳುವುದಿಲ್ಲ, ಅದಕ್ಕೇ ಈ ಹೊಲಸು ಹೀಗೇ ಹಬೆಯಾಡುತ್ತಿರುತ್ತದೆ ಎಂದುಕೊಂಡ ಬಾಲ. ಆಮೇಲೆ, ತಾನೂ ಹೇಳದವರ ಸಾಲಿನಲ್ಲೇ ಕೂತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಎದ್ದು ಹೊರಗಿನ ಜಗಲಿಗೆ ಬಂದು ಗಡ್ಡನಿಗೆ ಫೋನು ಮಾಡಿದ. ಸಂಪರ್ಕ ಸಿಗುತ್ತಿಲ್ಲ ಎಂದಿತು. ಮತ್ತೆ ಮಾಡಿದ, ಅದೇ ಉತ್ತರ. ಕೊನೆಗೆ ಗಡ್ಡನ ಹೆಂಡತಿಗೆ ಮಾಡಿದ. ಅವನು ಯಾವಾಗಲೂ ಅತ್ತಿಗೆ ಎಂದು ಕರೆಯುವ ಆಕೆ ಆಸ್ಪತ್ರೆಯ ದಿನಗಳಿಂದಲೂ ಅವನ ಜೊತೆ ಮುಖ ಕೊಟ್ಟು ಮಾತಾಡಿದ್ದಿಲ್ಲ.

“ಅತ್ತಿಗೆ, ಗಡ್ಡ ಮನೇಲಿದಾನಾ?”

“ಮನೇಲ್ಯಾಕಿರ್ತಾರೆ?” ಆಕೆಯ ದನಿ ಒಣಗಿತ್ತು. “ಬೆಳಿಗ್ಗೇನೇ ಹೋದ್ರು ತಿರುವಿಗೆ. ಇಲ್ಲೂ ಮಳೆ ಶುರುವಾಗಿದೆ. ನೀವು ಬರೋವರೆಗೂ ಅಲ್ಲಿಂದ ಏಳಲ್ವಂತೆ.”

“ಭಾವ ಫೋನ್ ಮಾಡ್ಲಿಲ್ವಾ? ಬರೋಕಾಗಲ್ಲ ಅಂತ?”

“ಮತ್ತೆ ಅದೇನಾ?” ಎಂದಳು ಆಕೆ. ಫೋನು ಕಟ್ಟಾಯಿತು.

ಬಾಲ ಒಳಗೆ ಬಂದಾಗ ಸ್ಟುಡಿಯೋದವನು ಅವತ್ತಿನ ಫೋಟೋಗಳನ್ನು ತೋರಿಸುತ್ತಿದ್ದ. ಭಾವ ತಮ್ಮ ಹೊಟ್ಟೆ ಕಾಣುವ ಒಂದನ್ನು ಅಳಿಸಲು ಹೇಳುತ್ತಿದ್ದರು.

“ಭಾವ, ಗಡ್ಡನಿಗೆ ಫೋನ್ ಮಾಡಿದ್ರಾ?”

“ಎಷ್ಟು ಸಲ ಹೇಳ್ಬೇಕೋ ನಿಂಗೆ? ಗ್ರೂಪಲ್ಲಿ ಮೆಸೇಜ್ ಹಾಕಿದೀನಿ. ನೋಡ್ಕೋ ಬೇಕಿದ್ರೆ.”

ಬಾಲ ನೋಡಿದ. ಮೆಸೇಜು ಇತ್ತು, ರಸ್ತೆ ಕುಸಿತದ ಸುಳ್ಳಿನ ಸಮೇತ. ಡಾಕ್ಟರು ಹೆಬ್ಬೆಟ್ಟು ಎತ್ತಿದ್ದರು, ಸ್ಟುಡಿಯೋದವನೂ ಎತ್ತಿದ್ದ. ಫೋನಿನ ಆ ಗ್ರೂಪಿನಲ್ಲಿ ಯಾರ್ಯಾರಿದ್ದಾರೆಂದು ಬಾಲ ಅಲ್ಲಿಯವರೆಗೆ ತೆರೆದು ನೋಡಿರಲಿಲ್ಲ. ಈಗ ನೋಡಿದ. ಗಡ್ಡ ಅದರಲ್ಲಿ ಇರಲಿಲ್ಲ.

“ಇದರಲ್ಲಿ ಅವನಿಲ್ಲ.”

“ಹೌದಾ?” ಎಂದರು ಭಾವ. ಮರೆತದ್ದು ನೆನಪಾದವರಂತೆ ಹಣೆ ತಟ್ಟಿಕೊಂಡರು. “ಹೂಂ, ಅವಾಗ್ಲೇ ತೆಗೆದಿದ್ದೆ ಅಲ್ವಾ. ನಾವು ಓಡಾಡೋ ಫೋಟೋ ನೋಡಿ ಪಾಪ ಅವನು ಮನಸ್ಸಿಗೆ ಹಚ್ಕೋತಾನೆ ಅಂತ. ಹೋಗ್ಲಿ ಬಿಡು, ಮಳೆ ಬಂದ್ರೆ ಮನೆಗೆ ಹೋಗ್ತಾನೆ. ಚಿಕ್ಕ ಮಗುನಾ ಅವನು?”

“ಅವನು ಹೋಗಲ್ಲ. ಕೊನೆಯವನು ಬರೋವರೆಗೂ ಹೋಗಲ್ಲ. ನಿಮಗದು ಗೊತ್ತು.”

“ಆ ನಿಯಮ ಎಲ್ಲ ಈಗ ಯಾರಪ್ಪ ನೋಡ್ತಾರೆ,” ಎಂದು ಭಾವ ಕೊನೆಯ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡರು. ಹಳದಿ ಮೀಸೆಯ ತುದಿಗೆ ಮೆತ್ತಿಕೊಂಡಿತು. ನಾಲಿಗೆ ಚಾಚಿ ಅದನ್ನೂ ಒಳಗೆಳೆದುಕೊಂಡರು.

ಬಾಲ ಒದ್ದೆ ಸಾಕ್ಸ್ ಮತ್ತೆ ಹಾಕಿಕೊಳ್ಳತೊಡಗಿದ. ತಣ್ಣಗಿನ ಬಟ್ಟೆ ಪಾದಕ್ಕೆ ಅಂಟುವಾಗ ಮೈ ಜುಮ್ಮೆಂದಿತು. ಆದರೆ ಆ ಕೋಣೆಯಲ್ಲಿ ಕೂರುವುದಕ್ಕಿಂತ ಅದೇ ಎಷ್ಟೋ ವಾಸಿ ಅನ್ನಿಸಿತು.

“ಎಲ್ಲಿಗೆ ಹೊರಟೆ? ನಿಮ್ಮಕ್ಕನಿಗೆ ಏನು ಹೇಳ್ಲಿ ನಾನು, ಈ ಮಳೇಲಿ ನಿಂಗೇನಾದ್ರೂ ಆದ್ರೆ?”

“ಮೆಸೇಜ್ ಹಾಕಿ,” ಎಂದ ಬಾಲ.

ಡಾಕ್ಟರು ಅವನ ಹಿಂದೆಯೇ ಜಗಲಿಯವರೆಗೆ ಬಂದರು. “ನೀನು ಹೋಗ್ತಿರೋದು ಸರಿ. ನಂಗೂ ಹಾಗೇ ಅನ್ಸುತ್ತೆ. ಆದ್ರೆ ಕ್ಯಾಪ್ಟನ್ ಎದುರಿಗೆ…” ಎಂದು ನಿಲ್ಲಿಸಿ, ಅವನ ಕೈಗೆ ಒಂದು ಟಿಶ್ಯೂ ಪೊಟ್ಟಣ ತುರುಕಿ ಒಳಗೆ ಹೋದರು. ಭಾವನ ಮಾತಿಗಿಂತ ಆ ಪೊಟ್ಟಣವೇ ಬಾಲನಿಗೆ ಹೆಚ್ಚು ಹೇಸಿಗೆ ಅನ್ನಿಸಿತು. ಅದನ್ನು ಜಗಲಿಯ ಕಟ್ಟೆಯ ಮೇಲೆಯೇ ಬಿಟ್ಟು ಗಾಡಿ ಹತ್ತಿದ.

ಇಳಿಜಾರಿನ ದಾರಿ ಅವನ ಜೀವ ಹಿಂಡಿತು. ಮಂಜು ಕವಿದು ಮುಂದಿನ ಚಕ್ರ ಮಾತ್ರ ಕಾಣುತ್ತಿತ್ತು. ಹೆಲ್ಮೆಟ್ಟಿನ ಗಾಜು ಮುಚ್ಚಿದರೆ ತನ್ನದೇ ಉಸಿರಿನ ಹಬೆ, ತೆರೆದರೆ ಮುಖಕ್ಕೆ ಸೂಜಿ ಚುಚ್ಚಿದಂಥ ನೀರು. ಬಾಯೊಳಗೆ ಕೆಸರಿನ ರುಚಿ ಬಂದಾಗಲೆಲ್ಲ ಉಗುಳಿದ. ಇಷ್ಟು ವರ್ಷ ಎಲ್ಲರ ಹಿಂದೆ ಓಡಿಸಿ ಅವನಿಗೆ ಮುಂದೆ ಯಾರ ಬೆನ್ನೂ ಇಲ್ಲದ ರಸ್ತೆಯ ಅಭ್ಯಾಸವೇ ತಪ್ಪಿಹೋಗಿತ್ತು. ತಲೆಯೊಳಗೆ ಮಾತ್ರ ಒಂದೇ ಚಿತ್ರ. ತಿರುವಿನಲ್ಲಿ ಗಡ್ಡ, ಹಿಂದಿನಿಂದ ಜಾರಿ ಬರುವ ಲಾರಿ. ಹೆದ್ದಾರಿಯಲ್ಲಿ ಎದುರಿಗೆ ಲಾರಿ ಕಂಡಾಗಲೆಲ್ಲ, ಇದು ಆ ಕಡೆಯಿಂದಲೇ ಬಂದಿರಬಹುದಲ್ಲ ಎಂದು ಅದರ ಮುಂಭಾಗವನ್ನು ನೋಡುತ್ತ ಹೋದ.

ಅಣೆಕಟ್ಟಿನ ತಿರುವಿಗೆ ಬಂದಾಗ ಮಳೆ ಹನಿಗೆ ಇಳಿದಿತ್ತು. ಸಂಜೆಯ ಬೆಳಕು ಪಾತ್ರೆ ತೊಳೆದ ನೀರಿನ ಹಾಗೆ ಮಂಕಾಗಿತ್ತು. ದಾರಿ ತೋರಿಸುವ ಬೋರ್ಡು ನಿಂತಿತ್ತು. ಅದರ ಬುಡದಲ್ಲಿ ಯಾರೂ ಇರಲಿಲ್ಲ.

ಬಾಲ ಗಾಡಿ ನಿಲ್ಲಿಸಿದ. ಚರಂಡಿಯ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಆದರೂ ನೋಡಿದ. ನೀರು, ಒಂದು ಹರಿದ ಚಪ್ಪಲಿ, ಅಷ್ಟೇ.

“ಇಲ್ಲಿ, ಇಲ್ಲಿ,” ಎಂದಿತು ಒಂದು ದನಿ.

ಮೋರಿಯ ಆಚೆ, ರಸ್ತೆಯಿಂದ ಸಾಕಷ್ಟು ಒಳಗೆ, ಒಂದು ದೊಡ್ಡ ಬಂಡೆಯ ಮರೆಯಲ್ಲಿ ನೀಲಿ ಟಾರ್ಪಾಲು ಕಟ್ಟಿತ್ತು. ಅದರಡಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಗಡ್ಡ ಕೂತಿದ್ದ. ಪಕ್ಕದಲ್ಲಿ ಎರಡು ಪುಟ್ಟ ಚಕ್ರ ಹೆಚ್ಚಿಗೆ ಇದ್ದ ಗಾಡಿ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು, ತುಟಿ ನೀಲಿಗಟ್ಟಿತ್ತು.

“ಈ ಸಲ ರಸ್ತೆಯಿಂದ ದೂರ ಕೂತೆ,” ಎಂದ ಗಡ್ಡ. “ಒಂದು ಕಾಲು ಕೊಟ್ಟು ಕಲಿತ ಬುದ್ಧಿ. ಫೋನಿಗೆ ನೀರು ಹೊಕ್ಕು ಸತ್ತಿದೆ. ಹಿಂದೆ ಯಾರಾದ್ರೂ ಇದಾರಾ?”

“ಇಲ್ಲ. ನಾನೊಬ್ಬನೇ.”

“ಗೊತ್ತಿತ್ತು. ನೀನಾದ್ರೂ ಬರ್ತೀಯ ಅಂತಾನೂ ಗೊತ್ತಿತ್ತು. ಎರಡನೇ ಸಲ ಮರೆಯೋ ಜನ ಅಲ್ಲ ನೀನು.”

ಬಾಲ ಹೆಲ್ಮೆಟ್ ತೆಗೆಯುತ್ತಿದ್ದವನು ಹಾಗೇ ನಿಂತ. “ಎರಡನೇ ಸಲ ಅಂದ್ರೆ?”

“ಬಿಡು, ಬಾಯಿತಪ್ಪಿ ಬಂತು. ಆ ಮಾತು ಎತ್ತಲ್ಲ ಅಂತ ನಿಮ್ಮ ಭಾವನಿಗೆ ಮಾತು ಕೊಟ್ಟಿದ್ದೆ.”

“ಯಾವ ಮಾತು ಗಡ್ಡ? ನಾನು ಏನು ಮರೆತೆ?”

ಗಡ್ಡ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಬೆಸುಗೆ ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವಾಗಿನ ನೋಟ ಅದು.

“ಅವತ್ತು ನಿಮ್ಮ ಭಾವ ನಿಂಗೆ ಫೋನ್ ಮಾಡಿ ಏನಂದ್ರು? ಅವರು ಅಂದದ್ದು ಅಂದ ಹಾಗೇ ಹೇಳು.”

“ಎಲ್ಲರಿಗೂ ಹೇಳಾಗಿದೆ, ನೀನು ನೇರ ಹೆದ್ದಾರಿಗೆ ಬಾ ಅಂದ್ರು.”

“ದಾರೀಲಿ ಗಡ್ಡನ್ನ ಕರ್ಕೊಂಡು ಬಾ ಅನ್ನಲಿಲ್ವಾ?”

“ಇಲ್ಲ. ನಿಂಗೂ ಹೇಳಾಗಿದೆ ಅಂತ ತಾನೇ ನಾನು ಆ ಕಡೆ ಹೋಗಿದ್ದು. ನಿಂಗೆ ಕೇಳಿಸಿಲ್ಲ ಅಂತ ಆಮೇಲೆ ಹೇಳಿದ್ರು.”

ಗಡ್ಡ ನಿಧಾನಕ್ಕೆ ತಲೆ ಅಲ್ಲಾಡಿಸಿದ. “ನಂಗೆ ಯಾರೂ ಫೋನೇ ಮಾಡಿರಲಿಲ್ಲ ಕಣೋ. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ನಿಮ್ಮ ಭಾವ ಪಕ್ಕದಲ್ಲೇ ಕೂತಿದ್ರು. ಬಾಲನಿಗೆ ಹೇಳಿ ಕಳಿಸಿದ್ದೆ, ಅವನು ಮರೆತು ಸೀದಾ ಹೆದ್ದಾರಿಗೆ ಬಂದ ಅಂದ್ರು. ನನ್ನ ಕೈ ಹಿಡ್ಕೊಂಡು ಅತ್ತರು. ಅವನನ್ನ ಏನೂ ಕೇಳಬೇಡ, ಮೆದು ಹುಡುಗ, ಏನಾದ್ರೂ ಮಾಡ್ಕೊಂಡು ಬಿಟ್ಟಾನು, ಅವನ ಅಕ್ಕನ ಮುಖ ನೋಡಿಯಾದ್ರೂ ಸುಮ್ನಿರು ಅಂದ್ರು. ಸುಮ್ನಿದ್ದೆ.”

ಬಾಲನಿಗೆ ಆಸ್ಪತ್ರೆಯ ಆ ಮಂಚ ಕಣ್ಣಿಗೆ ಕಟ್ಟಿತು. ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು, “ನಾನು ಆ ದಾರೀಲಿ ಬಂದಿದ್ರೆ ಹೀಗಾಗ್ತಿರಲಿಲ್ಲ” ಎಂದು ಅವನು ಅತ್ತಿದ್ದ. “ಹೋಗ್ಲಿ ಬಿಡು, ನಂಗೆ ನಿನ್ನ ಮೇಲೆ ಬೇಜಾರಿಲ್ಲ” ಎಂದಿದ್ದ ಗಡ್ಡ. ಅದನ್ನು ಅವನು ಗಡ್ಡನ ದೊಡ್ಡತನ ಎಂದುಕೊಂಡಿದ್ದ. ಗಡ್ಡ ಇವನ ಅಳುವನ್ನು ತಪ್ಪೊಪ್ಪಿಗೆ ಎಂದುಕೊಂಡಿದ್ದ. ಅತ್ತಿಗೆ ಅವನ ಕಡೆ ತಿರುಗಿಯೂ ನೋಡದೆ ಕಿಟಕಿಯ ಹತ್ತಿರ ನಿಂತಿದ್ದು, ಅವನು ತಂದ ಹಣ್ಣು ಕೊಳೆಯುವವರೆಗೆ ಹಾಗೇ ಇದ್ದದ್ದು, ಈಗ ಒಂದೊಂದಾಗಿ ಅರ್ಥವಾಯಿತು. ಭಾವ ಆಗ ಹಿಂದೆಯೇ ನಿಂತು ಅವನ ಬೆನ್ನು ಸವರಿದ್ದರು. “ಸಮಾಧಾನ ಮಾಡ್ಕೋ” ಎಂದಿದ್ದರು.

ಆ ಕೈಯ ನೆನಪಿಗೆ ಬೆನ್ನಿನ ಚರ್ಮ ಸುಲಿದ ಹಾಗಾಯಿತು. ಬಾಲ ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಲಾಡ್ಜಿನ ಬ್ರೆಡ್ಡು, ಲಾಡ್ಜಿನ ಮೊಟ್ಟೆ, ಎಲ್ಲ ಬಂತು. ಎಲ್ಲ ಬಂದ ಮೇಲೂ ಇನ್ನೂ ಏನೋ ಒಳಗೆ ಉಳಿದೇ ಇದೆ ಅನ್ನಿಸಿತು.

ವಾಪಸು ಬಂದಾಗ ಗಡ್ಡ ನೀರಿನ ಬಾಟಲಿ ಚಾಚಿದ.

“ಎರಡು ವರ್ಷದಿಂದ ನಿನ್ನ ಕ್ಷಮಿಸ್ತಾ ಕೂತಿದೀನಿ ಕಣೋ,” ಎಂದ. “ಎಷ್ಟು ಕಷ್ಟ ಗೊತ್ತಾ ಅದು? ದಿನಾ ಬೆಳಿಗ್ಗೆ ಎದ್ದು ಕಾಲಿಗೆ ಪಟ್ಟಿ ಕಟ್ಟುವಾಗ ಒಂದು ಸಲ ಕ್ಷಮಿಸ್ಬೇಕು, ರಾತ್ರಿ ಬಿಚ್ಚುವಾಗ ಇನ್ನೊಂದು ಸಲ. ಕೊನೆಗೂ ಹೋದ ತಿಂಗಳು ಪೂರ್ತಿ ಕ್ಷಮಿಸಿ ಮುಗಿಸಿದೆ ಅನ್ನಿಸ್ತು. ಅದಕ್ಕೇ ಬನ್ನಿ ಅಂತ ಕರೆದೆ. ಈಗ ನೋಡಿದ್ರೆ ಎಲ್ಲಾ ದಂಡ.”

ಅವನು ನಗಲು ನೋಡಿದ, ಆಗಲಿಲ್ಲ. ಬಾಲ ಚೀಲ ಬಿಚ್ಚಿ ಪ್ಲಾಸ್ಟಿಕ್ಕಿನೊಳಗಿದ್ದ ಶರ್ಟು ತೆಗೆದು ಕೊಟ್ಟ. ಗಡ್ಡ ಅದನ್ನು ಬಿಡಿಸಿ ಬೆನ್ನಿನ ಬರಹ ಓದಿದ. ಎರಡು ಸಲ ಓದಿದ. ಆಮೇಲೆ ಅದನ್ನು ಮುದ್ದೆ ಮಾಡಿ ತನ್ನ ಗಾಡಿಯ ಒದ್ದೆ ಸೀಟನ್ನು ಒರೆಸತೊಡಗಿದ. ಗೇರಿನ ಸರಳನ್ನು, ಹಿಂದಿನ ಪುಟ್ಟ ಚಕ್ರಗಳ ಮೇಲಿನ ಕೆಸರನ್ನು, ಎಲ್ಲವನ್ನೂ ಅದರಲ್ಲೇ ಒರೆಸಿದ. ಹಿಂಡಿದಾಗ ಬರೀ ಕೆಸರು ನೀರು ಇಳಿಯಿತು, ಅಕ್ಷರ ಒಂದಿಷ್ಟೂ ಬಣ್ಣ ಬಿಡಲಿಲ್ಲ.

“ನಿನ್ನ ಕೆಲಸ ಗಟ್ಟಿ,” ಎಂದ ಗಡ್ಡ.

ಬಾಲನ ಫೋನು ಬಡಿದುಕೊಂಡಿತು. ಭಾವ.

“ಎಲ್ಲಿದೀಯೋ? ಇಲ್ಲಿ ಮಳೆ ನಿಂತೇಹೋಯ್ತು ನೋಡು.” ಫೋನಿನಲ್ಲೂ ಆ ಗಂಟಲಿನ ಸದ್ದು ಕೇಳಿತು. “ಯೋಚನೆ ಮಾಡ್ದೆ, ಈ ರೂಮು ಯಾಕೋ ಸರಿಯಿಲ್ಲ. ನಾವೂ ಇಳಿದು ಬರ್ತಿದೀವಿ. ಗಡ್ಡನ್ನ ಅಲ್ಲೇ ತಿರುವಿನಲ್ಲೇ ಇರಿಸ್ಕೋ. ಆ ಬೋರ್ಡಿನ ಕೆಳಗೆ ಅವನ ಪಕ್ಕ ನಿಂತು ಒಂದು ಫೋಟೋ ತೆಗೆಸೋಣ. ಸ್ಟುಡಿಯೋದವನು ಚೆನ್ನಾಗಿ ಬರುತ್ತೆ ಅಂತಿದಾನೆ. ಎಲ್ಲೂ ಹೋಗ್ಬೇಡಿ. ಹೇಳ್ತೀಯಲ್ಲ ಅವನಿಗೆ?”

ಹಿಂಡಿದ ಶರ್ಟನ್ನು ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದ ಗಡ್ಡ ತಲೆ ಎತ್ತಿ ನೋಡಿದ. ಭಾವನ ದನಿ ದೊಡ್ಡದು, ಅವನಿಗೆ ಎಲ್ಲ ಕೇಳಿಸಿತ್ತು.

ಬಾಲನಿಗೆ ಅಕ್ಕ ನೆನಪಾದಳು. ನಾಳೆ ಅವಳ ಎದುರು ನಿಂತು ಇದನ್ನೆಲ್ಲ ಹೇಳಬೇಕು, ಅವಳ ಮುಖ ಬಾಡುವುದನ್ನು ನೋಡಬೇಕು. ಆದರೂ ಹೇಳುತ್ತೇನೆ ಎಂದು ಅಲ್ಲೇ ಗಟ್ಟಿಮಾಡಿಕೊಂಡ. ಅಂಗಡಿ ಬೇರೆ ಕಡೆ ಹುಡುಕಿದರಾಯಿತು.

“ಬನ್ನಿ ಭಾವ,” ಎಂದ. ದನಿಯಲ್ಲಿ ಏರಿಳಿತ ಇರಲಿಲ್ಲ. “ಎಲ್ಲರಿಗೂ ಹೇಳಾಗಿದೆ.”

ಫೋನು ಆರಿಸಿ ಜೇಬಿಗೆ ಹಾಕಿಕೊಂಡ. ಗಡ್ಡ ಟಾರ್ಪಾಲು ಮಡಚಿ, ಬಕೆಟ್ಟನ್ನು ಹಿಂದೆ ಕಟ್ಟಿ, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯ ಮೇಲಿಟ್ಟುಕೊಂಡ. ಸರಳು ಎಳೆದು ಗೇರು ಹಾಕಿದ. ಗಾಡಿ ಒಮ್ಮೆ ಮುಗ್ಗರಿಸಿದಂತಾಗಿ ಅಣೆಕಟ್ಟಿನ ದಾರಿಗೆ ತಿರುಗಿ ನಿಂತಿತು.

“ಅವರು ಬರ್ತಾರಲ್ಲ, ತಿರುವಿನಲ್ಲಿ ಒಬ್ಬರು ನಿಲ್ಲಬೇಕಲ್ವಾ?” ಎಂದು ಕೇಳಿದ ಬಾಲ. ಈ ನಿಯಮ ಮಾಡಿದವನ ಬಾಯಿಂದಲೇ ಉತ್ತರ ಬರಲಿ ಎಂದು ಅವನಿಗಿತ್ತು.

ಗಡ್ಡ ಹಿಂತಿರುಗಿ ನೋಡಲಿಲ್ಲ.

“ಕೊನೆಯವನು ಬಂದಾಯ್ತಲ್ಲ,” ಎಂದು ಗಾಡಿ ಬಿಟ್ಟ. ಬಾಲ ಅವನ ಹಿಂದೆ ಹೊರಟ.